ಅಂಗೈಯಗಲದ ಅಡುಗೆಮನೆಗೆ ಮಡಚುವ ಮೇಜು, ಉರುಳುವ ಟ್ರಾಲಿ

'ಕುಕ್ಕರ್ ಇಳಿಸಿದರೆ ಸಾರಿನ ಪಾತ್ರೆಗೆ ಜಾಗವಿಲ್ಲ, ತರಕಾರಿ ಹೆಚ್ಚೋಕೆ ಕೂತರೆ ಫ್ರಿಜ್ ಬಾಗಿಲು ತೆಗೆಯೋಕಾಗಲ್ಲ, ಗ್ರೈಂಡರ್ ಅಂತೂ ಹಾಲ್‌ನಲ್ಲಿ ಟಿವಿ ಪಕ್ಕ ಕೂತುಬಿಟ್ಟಿದೆ ಕಣ್ರೀ...'

ಇಬ್ಬರು ಗೃಹಿಣಿಯರು ಮೆಟ್ಟಿಲ ಹತ್ತಿರ ಸಿಕ್ಕರೆ ಈ ಮಾತು ಬಾರದೇ ಇರುವುದಿಲ್ಲ. ಅದರಲ್ಲೂ ಬೆಂಗಳೂರಿನಂಥ ಊರಿನ ಬಾಡಿಗೆ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದೇ ಅಡುಗೆಮನೆಗೆ. ಹಾಲ್ ದೊಡ್ಡದಿರಬೇಕು, ಬೆಡ್‌ರೂಮಿನಲ್ಲಿ ವಾರ್ಡ್‌ರೋಬ್ ಹಿಡಿಸಬೇಕು. ಆಮೇಲೆ ಉಳಿದ ಮೂಲೆಗೆ ಒಂದು ಗ್ರಾನೈಟ್ ಕಟ್ಟೆ, ಒಂದು ಸಿಂಕ್ ಕೂರಿಸಿದರೆ ಅಡುಗೆಮನೆ ರೆಡಿ! ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ಊಟಕ್ಕೆ ಬೇರೆ ಜಾಗವಿರುವ ಮನೆಯಲ್ಲಿ ಅಡುಗೆಮನೆ ಕನಿಷ್ಠ 5 ಚದರ ಮೀಟರ್ ಇರಬೇಕು, ಅಗಲ 1.8 ಮೀಟರಿಗಿಂತ ಕಡಿಮೆ ಇರಬಾರದು. ಅಂದರೆ ಹೆಚ್ಚುಕಡಿಮೆ ಆರಡಿಗೆ ಒಂಬತ್ತಡಿ. ನಿಮ್ಮದನ್ನು ಒಮ್ಮೆ ಟೇಪ್ ಹಿಡಿದು ಅಳೆದು ನೋಡಿ. ಅಷ್ಟೂ ಇಲ್ಲದ ಅಡುಗೆಮನೆಗಳು ಬೇಕಾದಷ್ಟಿವೆ.

ಗೋಡೆಯನ್ನು ಹಿಂದಕ್ಕೆ ತಳ್ಳೋಕಾಗಲ್ಲ ನಿಜ. ಆದರೆ ಒಂದೇ ವಸ್ತು ಎರಡು ಮೂರು ಕೆಲಸ ಮಾಡಿ, ಕೆಲಸ ಮುಗಿದ ಮೇಲೆ ಮಡಚಿಕೊಂಡೋ ಒಳಗೆ ಸರಿದುಕೊಂಡೋ ಕೂತರೆ ಇರುವ ಜಾಗವೇ ಸಾಕಾಗುತ್ತದೆ. ಅಂಥ ನಾಲ್ಕೈದು ಸಾಮಾನುಗಳನ್ನು ಒಬ್ಬ ಬಡಗಿಯನ್ನು ಕರೆಸಿ ಮನೆಯಲ್ಲೇ ಮಾಡಿಸಬಹುದು. 'ಮಾಡ್ಯುಲರ್ ಕಿಚನ್' ಅಂತ ಲಕ್ಷಗಟ್ಟಲೆ ಸುರಿಯಬೇಕಿಲ್ಲ.

ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಹಾಲು ಮೊಸರಿನ ಗಡಿಗೆ ಸೂರಿನಿಂದ ಇಳಿಬಿಟ್ಟ ನೆಲುವಿನಲ್ಲಿ ತೂಗುತ್ತಿತ್ತು. ಬೆಕ್ಕಿಗೂ ಎಟುಕದು, ನೆಲದ ಜಾಗವೂ ಹೋಗದು. ಊಟವಾದ ಮೇಲೆ ಮಣೆಗಳು ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಅತ್ತ ಜರ್ಮನಿಯಲ್ಲಿ 1926ರಲ್ಲಿ ಮಾರ್ಗರೆಟೆ ಶ್ಯೂಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಮಹಿಳಾ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟಿನ ಕಾರ್ಮಿಕರ ಮನೆಗಳಿಗೆಂದು ಪುಟ್ಟ ಅಡುಗೆಮನೆಯೊಂದನ್ನು ವಿನ್ಯಾಸ ಮಾಡಿದರು. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಮೂರೂವರೆ ಮೀಟರಿನಷ್ಟು. ಅದರಲ್ಲೇ ಗೋಡೆಗೆ ಮಡಚುವ ಇಸ್ತ್ರಿ ಹಲಗೆ, ಕಸ ನೇರ ಬೀಳುವ ಡ್ರಾಯರ್, ಹಿಟ್ಟು-ಅಕ್ಕಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳು! ಹೆಣ್ಣುಮಗಳು ದಿನವಿಡೀ ಎಷ್ಟು ಹೆಜ್ಜೆ ಹಾಕುತ್ತಾಳೆ ಎಂದು ಲೆಕ್ಕ ಹಾಕಿ ಕಟ್ಟಿದ ಅಡುಗೆಮನೆ ಅದು. ನಮ್ಮ ಬಿಲ್ಡರ್‌ಗಳಲ್ಲಿ ಎಷ್ಟು ಜನ ಆ ಲೆಕ್ಕ ಹಾಕಿಯಾರು?

ಮೊದಲು ರದ್ದಿ ಪೇಪರ್, ಆಮೇಲೆ ಪ್ಲೈವುಡ್

ಬಡಗಿಯನ್ನು ಕರೆಯುವ ಮೊದಲು ಒಂದು ವಾರ ಸುಮ್ಮನೆ ಗಮನಿಸಿ. ಬೆಳಗ್ಗೆ ಎಂಟು ಗಂಟೆಗೆ, ತಿಂಡಿ ಮತ್ತು ಡಬ್ಬಿ ಎರಡೂ ಒಟ್ಟಿಗೆ ಆಗಬೇಕಾದ ಹೊತ್ತಿನಲ್ಲಿ, ನಿಮ್ಮ ಕೈ ಎಲ್ಲಿ ಕಟ್ಟಿಹೋಗುತ್ತದೆ? ಹೆಚ್ಚುವುದಕ್ಕೆ ಜಾಗ ಸಾಲದೋ, ಬಿಸಿ ಪಾತ್ರೆ ಇಳಿಸೋಕೋ, ಮಕ್ಕಳಿಗೆ ತಟ್ಟೆ ಹಾಕೋಕೋ? ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತಾಪತ್ರಯ. ಎಲ್ಲವನ್ನೂ ಮಾಡಿಸಿಬಿಟ್ಟರೆ ಇರುವ ಜಾಗವೂ ಹೋಗುತ್ತದೆ.

ಆಮೇಲೆ ಹಳೇ ಪೇಪರನ್ನು ಮೇಜಿನ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ. ಟ್ರಾಲಿ ಬರುವ ಕಡೆ ಅದೇ ಅಳತೆಯ ರಟ್ಟಿನ ಡಬ್ಬ ಇಟ್ಟು ಎರಡು ದಿನ ಅಡುಗೆ ಮಾಡಿ. ಸೊಂಟ ತಾಗುತ್ತದೋ, ಫ್ರಿಜ್ ಬಾಗಿಲು ಬಡಿಯುತ್ತದೋ ಆಗಲೇ ಗೊತ್ತಾಗುತ್ತದೆ. ರಟ್ಟಾದರೆ ಕತ್ತರಿಸಿ ಚಿಕ್ಕದು ಮಾಡಬಹುದು. ಮೈಕಾ ಅಂಟಿಸಿದ ಮೇಲೆ ಅಳತೆ ಬದಲಿಸೋದು ಕಷ್ಟ.

ಒಂದು ಅಳತೆಯಲ್ಲಿ ಮಾತ್ರ ರಾಜಿ ಬೇಡ. ಮೇಜು ಬಿಚ್ಚಿ, ಟ್ರಾಲಿ ಹೊರಗೆ ಎಳೆದ ಮೇಲೂ ಓಡಾಡೋಕೆ ಎರಡೂವರೆ ಅಡಿ ದಾರಿ ಉಳಿಯಬೇಕು. ಬಿಚ್ಚಿದ ಮೇಜು ಒಲೆಗೂ ಬಾಗಿಲಿಗೂ ನಡುವೆ ಅಡ್ಡ ಬರಲೇಬಾರದು. ಎಣ್ಣೆಗೆ ಬೆಂಕಿ ಹತ್ತಿದಾಗ, ಗ್ಯಾಸ್ ವಾಸನೆ ಬಂದಾಗ ಮೇಜು ಮಡಚಿಕೊಂಡು ಓಡುವಷ್ಟು ವ್ಯವಧಾನ ಯಾರಿಗಿರುತ್ತದೆ?

ಎತ್ತರದ ವಿಷಯಕ್ಕೆ ಬಂದರೆ, ನೆಟ್ಟಗೆ ನಿಂತು ಮೊಣಕೈ ಮಡಚಿ. ಮೊಣಕೈಯಿಂದ ನಾಲ್ಕು ಇಂಚು ಕೆಳಗೆ ನಿಮ್ಮ ಕಟ್ಟೆಯ ಸರಿಯಾದ ಎತ್ತರ. ಐದಡಿ ಎತ್ತರದವರಿಗೆ ಇದು ಸುಮಾರು 32ರಿಂದ 33 ಇಂಚು ಬರುತ್ತದೆ. ಚಪಾತಿ ಲಟ್ಟಿಸೋಕೆ ಇನ್ನೂ ಎರಡು ಮೂರು ಇಂಚು ತಗ್ಗಿದ್ದರೆ ಭುಜಕ್ಕೆ ಆರಾಮ.

ಗೋಡೆಗೆ ಅಂಟಿ ಕೂರುವ ಮೇಜು

36 ಇಂಚು ಉದ್ದ, 18 ಇಂಚು ಅಗಲದ ಹಲಗೆ ಇಬ್ಬರು ಕೂತು ತಿಂಡಿ ತಿನ್ನೋಕೆ, ಸೊಪ್ಪು ಬಿಡಿಸೋಕೆ, ಮಗು ಹೋಂವರ್ಕ್ ಮಾಡೋಕೆ ಸಾಕು. ಕುರ್ಚಿ ಹಾಕಿ ಕೂರುವುದಾದರೆ ನೆಲದಿಂದ 30 ಇಂಚು ಎತ್ತರಕ್ಕೆ ಇರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ 'ಫೋಲ್ಡಿಂಗ್ ಬ್ರ್ಯಾಕೆಟ್' ಅಂತ ಕೇಳಿದರೆ ಜೋಡಿ ಕೊಡುತ್ತಾರೆ. ಒಂದು ತೋಳು ಗೋಡೆಗೆ, ಇನ್ನೊಂದು ಹಲಗೆಯ ಅಡಿಗೆ. ಹಲಗೆ ಎತ್ತಿದರೆ 'ಟಕ್' ಅಂತ ಕೂತುಕೊಳ್ಳುತ್ತದೆ, ಲಿವರ್ ಒತ್ತಿದರೆ ಕೆಳಗೆ ಜಾರುತ್ತದೆ. ಮಡಚಿದಾಗ ಗೋಡೆಯಿಂದ ಮುಂದೆ ಬರುವುದು ಎರಡು ಮೂರು ಇಂಚು ಮಾತ್ರ.

ಬ್ರ್ಯಾಕೆಟ್ಟನ್ನು ನೇರ ಗೋಡೆಗೆ ಹೊಡೆಸಬೇಡಿ. ಮೊದಲು ಗಟ್ಟಿ ಮರದ ಎರಡು ಪಟ್ಟಿಗಳನ್ನು ಗೋಡೆಗೆ ಬಿಗಿದು ಅದರ ಮೇಲೆ ಬ್ರ್ಯಾಕೆಟ್ ಕೂರಿಸಲಿ. ಇಟ್ಟಿಗೆ ಗೋಡೆ, ಗಟ್ಟಿ ಸಿಮೆಂಟ್ ಬ್ಲಾಕ್ ಆದರೆ ಆ್ಯಂಕರ್ ಬೋಲ್ಟ್ ಚೆನ್ನಾಗಿ ಹಿಡಿಯುತ್ತದೆ. ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್ ಗೋಡೆಯಾದರೆ ಅದಕ್ಕೆಂದೇ ಇರುವ ಬೇರೆ ಪ್ಲಗ್ ಬೇಕು. ಗೋಡೆ ಯಾವುದು ಅಂತ ಡ್ರಿಲ್ ಹೊಡೆಯುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಗಾರೆಯಲ್ಲಿ ಮಾತ್ರ ಸಿಕ್ಕಿಕೊಂಡ ಸ್ಕ್ರೂ ಮೊದಮೊದಲು ಗಟ್ಟಿಯಾಗಿಯೇ ಇರುತ್ತದೆ. ಒಂದು ದಿನ ಬಿಸಿ ಸಾರಿನ ಪಾತ್ರೆ ಇಟ್ಟಾಗ ಕಳಚಿಬಿಟ್ಟರೆ? ಅದಕ್ಕೇ ಮೇಜು ಹಾಕಿಸಿದ ದಿನ ನೀರು ತುಂಬಿದ ಎರಡು ಬಕೆಟ್ ಇಟ್ಟು ಒಂದು ರಾತ್ರಿ ಬಿಟ್ಟು ನೋಡಿ. ಮಿಕ್ಸಿ, ಗ್ರೈಂಡರ್ ಮಾತ್ರ ಈ ಮೇಜಿನ ಮೇಲೆ ಬೇಡ. ತೂಕಕ್ಕಿಂತ ಅವುಗಳ ನಡುಕ ಸ್ಕ್ರೂಗಳನ್ನು ಸಡಿಲ ಮಾಡುತ್ತದೆ.

ಕಟ್ಟೆಯೊಳಗಿನಿಂದ ಹೊರಬರುವ ಹಲಗೆ

ಇದ್ದಿದ್ದರಲ್ಲಿ ಅತಿ ಅಗ್ಗದ್ದು, ಅತಿ ಉಪಯೋಗದ್ದು ಇದೇ ಅನ್ನೋದು ನನ್ನ ಅಭಿಪ್ರಾಯ. ಗ್ರಾನೈಟ್ ಕಟ್ಟೆಯ ಕೆಳಗೆ, ಡ್ರಾಯರ್‌ಗಿಂತ ಮೇಲೆ, 18 ಇಂಚು ಚೌಕದ ಒಂದು ಹಲಗೆ. ಬೇಕಾದಾಗ ಎಳೆದುಕೊಳ್ಳೋದು, ಬೇಡವಾದಾಗ ತಳ್ಳೋದು. ಕಟ್ಟೆಗಿಂತ ಮೂರು ನಾಲ್ಕು ಇಂಚು ತಗ್ಗಾಗಿರುವುದರಿಂದ ಚಪಾತಿ ಲಟ್ಟಿಸೋಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಸ್ಟೂಲ್ ಹಾಕಿಕೊಂಡು ಕೂತು ತರಕಾರಿಯನ್ನೂ ಹೆಚ್ಚಬಹುದು.

ಟೆಲಿಸ್ಕೋಪಿಕ್ ಚಾನೆಲ್ ಹಾಕಿಸಿದರೆ ಬೆಣ್ಣೆಯಂತೆ ಸರಿಯುತ್ತದೆ. ಕಟ್ಟೆಯ ಕೆಳಗೆ ಕಡಪ ಕಲ್ಲಿನ ಗೂಡುಗಳಷ್ಟೇ ಇರುವ ಹಳೆ ಮನೆಯಾದರೆ ಎರಡೂ ಬದಿಗೆ ಮರದ ಪಟ್ಟಿ ಕೊಟ್ಟು ಅದರ ಮೇಲೆ ಹಲಗೆ ಜಾರಿಸಬಹುದು. ಆಗ ಹಿಂಬದಿಗೆ ಒಂದು ತಡೆ ಇರಲೇಬೇಕು. 18 ಇಂಚಿನ ಹಲಗೆ 12 ಇಂಚು ಹೊರಬಂದರೆ ಸಾಕು, 6 ಇಂಚು ಒಳಗೇ ಇರಲಿ. ಮೇಲಿನಿಂದ ಭಾರ ಬಿದ್ದಾಗ ಹಿಡಿದುಕೊಳ್ಳುವುದು ಆ ಆರು ಇಂಚೇ. ಹಿಂಬದಿ ಮೇಲಕ್ಕೆ ಏಳದಂತೆ ಹಲಗೆಯ ಮೇಲ್ಗಡೆಯೂ ಒಂದೊಂದು ಪಟ್ಟಿ ಬೇಕು.

ಸಿಂಕಿಗೂ ಒಂದು ಮುಚ್ಚಳ ಮಾಡಿಸಿ. ಸಿಂಕಿನ ಅಂಚಿನ ಮೇಲೆ ಕೂರುವ ಗಟ್ಟಿ ಮರದ ಹಲಗೆ, ಅಡಿಯಲ್ಲಿ ಜಾರದಂತೆ ಎರಡು ಪಟ್ಟಿ. ಅಷ್ಟರಿಂದಲೇ ಒಂದೂವರೆ ಅಡಿ ಕಟ್ಟೆ ಹೆಚ್ಚುತ್ತದೆ. ಮಲೆನಾಡು, ಕರಾವಳಿಯ ಕಡೆಯವರಿಗೆ ಹಲಸಿನ ಮರ ಸಿಕ್ಕರೆ ಇನ್ನೂ ಚೆಂದ. ಪ್ಲೈವುಡ್ಡಿನ ಮೇಲೆ ತರಕಾರಿ ಹೆಚ್ಚೋದು ಬೇಡ. ಚಾಕು ತಾಗಿ ಪದರ ಏಳುತ್ತದೆ, ಗೋಂದಿನ ಚೂರು ಊಟಕ್ಕೆ ಸೇರುತ್ತದೆ. ಒಲೆಯ ಮೇಲೆ ಮುಚ್ಚುವ ಹಲಗೆ ಮಾಡಿಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಬರ್ನರ್ ಇನ್ನೂ ಬಿಸಿ ಇರುವಾಗ ಮುಚ್ಚಿದರೆ ಅನಾಹುತ.

ಗ್ರೈಂಡರಿಗೊಂದು ಗಾಡಿ

ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ಹತ್ತು ಕೆಜಿ ಆಸುಪಾಸು ತೂಗುತ್ತದೆ. ಸೊಂಟ ನೋವಿನವರು ಅದನ್ನು ದಿನ ಬಿಟ್ಟು ದಿನ ಎತ್ತಿಳಿಸುವುದೆಂದರೆ... ಕೊನೆಗೆ ದೋಸೆ ಹಿಟ್ಟನ್ನು ಅಂಗಡಿಯಿಂದ ತರೋದೇ ವಾಸಿ ಅನ್ನಿಸಿಬಿಡುತ್ತದೆ! ಅದಕ್ಕೆ ಕಟ್ಟೆಯ ಕೆಳಗೆ ಸರಿಯುವ ಟ್ರಾಲಿ ಒಳ್ಳೆಯದು. ಎರಡು ಬದಿಯ ಹಲಗೆ 28 ಇಂಚು ಎತ್ತರ, 18 ಇಂಚು ಆಳ. ನಡುವೆ 15 ಇಂಚು ಅಗಲದ ಎರಡು ತಟ್ಟುಗಳು. ಚಕ್ರ ಸೇರಿ ಎತ್ತರ 31 ಇಂಚು ಆಗುತ್ತದೆ. ಕಟ್ಟೆಯ ಕಲ್ಲಿನ ಅಡಿಭಾಗ 32 ಇಂಚಿಗಿದ್ದರೆ ನುಣ್ಣಗೆ ಒಳಗೆ ಹೋಗುತ್ತದೆ. ಕೆಳತಟ್ಟಿನಲ್ಲಿ ಈರುಳ್ಳಿ, ಆಲೂಗಡ್ಡೆಗೆ ಗಾಳಿಯಾಡುವ ಎರಡು ಬೇರೆ ಬೇರೆ ಬುಟ್ಟಿ. ಅದಕ್ಕೆ ಹತ್ತು ಇಂಚು ಬಿಟ್ಟು ಮೇಲಿನ ತಟ್ಟಿನಲ್ಲಿ ಗ್ರೈಂಡರ್. ಗ್ರೈಂಡರಿನ ಎತ್ತರ ಅಳೆದ ಮೇಲೆಯೇ ತಟ್ಟು ಕೂರಿಸಲು ಹೇಳಿ, ಒಂದೊಂದು ಕಂಪನಿಯದ್ದು ಒಂದೊಂದು ಎತ್ತರ.

ಹಿಂಬದಿಗೆ ನಾಲ್ಕು ಇಂಚಿನ ಎರಡು ಅಡ್ಡಪಟ್ಟಿ ಕೊಡದಿದ್ದರೆ ಟ್ರಾಲಿ ಎರಡೇ ತಿಂಗಳಲ್ಲಿ ಓಲಾಡತೊಡಗುತ್ತದೆ. ನಾಲ್ಕು ಚಕ್ರಗಳಲ್ಲಿ ಮುಂದಿನ ಎರಡಕ್ಕೆ ಬ್ರೇಕ್ ಇರಲಿ. ರುಬ್ಬುವಾಗ ಬ್ರೇಕ್ ಹಾಕಿ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರೆ ಬಗ್ಗುವ ಕೆಲಸವಿಲ್ಲ. ಗ್ರೈಂಡರ್ ತೊಳೆಯಲು ತೆಗೆದಾಗ ಮೇಲೊಂದು ಹಲಗೆ ಇಟ್ಟರೆ ಅದೇ ಟ್ರಾಲಿ ಬಡಿಸುವ ಮೇಜಾಗುತ್ತದೆ. ಹಬ್ಬದ ದಿನ ಹಾಲ್‌ವರೆಗೂ ಉರುಳಿಸಿಕೊಂಡು ಹೋಗಬಹುದು.

ಕೂರುವ ಪೆಟ್ಟಿಗೆ

ಮಂಡಿ ನೋವಿನ ಅತ್ತೆಗೆ ನೆಲದಲ್ಲಿ ಕೂರೋಕಾಗಲ್ಲ, ನಿಂತು ಬಟಾಣಿ ಬಿಡಿಸೋಕೂ ಆಗಲ್ಲ. ಆದರೂ ಸೊಸೆ ಒಬ್ಬಳೇ ಒದ್ದಾಡುವುದನ್ನು ನೋಡಿ ಸುಮ್ಮನಿರೋಕೂ ಆಗಲ್ಲ. ಚಿಕ್ಕ ಅಡುಗೆಮನೆಗಳಲ್ಲಿ ವಯಸ್ಸಾದವರು ಬಾಗಿಲಲ್ಲೇ ನಿಂತು ಮಾತಾಡುವುದು ಇದಕ್ಕೇ. ಅವರಿಗೊಂದು ಕೂರುವ ಜಾಗ ಬೇಕು. ಒಳಗೆ 16 ಇಂಚು ಉದ್ದ, 14 ಇಂಚು ಅಗಲ, 14 ಇಂಚು ಆಳವಿರುವ ಪೆಟ್ಟಿಗೆ ಮಾಡಿಸಿ, ಕೆಳಗೆ ಮೂರು ಇಂಚಿನ ಕಾಲು ಕೊಡಿಸಿ. ಹಲಗೆಗಳ ದಪ್ಪವೂ ಸೇರಿ ಕೂರುವ ಎತ್ತರ 18 ಇಂಚಿಗೆ ಬರುತ್ತದೆ. ಮಂಡಿ ನೋವಿನವರಿಗೆ ಏಳೋಕೆ ಈ ಎತ್ತರ ಹಿತ. ಒಳಗೆ 25 ಕೆಜಿ ಅಕ್ಕಿ ಧಾರಾಳವಾಗಿ ಹಿಡಿಯುತ್ತದೆ. ಆದರೆ ಅಕ್ಕಿಯನ್ನು ನೇರವಾಗಿ ಸುರಿಯಬೇಡಿ. ಸ್ಟೀಲ್ ಡಬ್ಬಿಯಲ್ಲೋ ಚೀಲದಲ್ಲೋ ಹಾಕಿಯೇ ಇಡಿ.

ಮಕ್ಕಳಿರುವ ಮನೆಯಾದರೆ ಎರಡು ಮಾತು ನೆನಪಿರಲಿ. ಮುಚ್ಚಳಕ್ಕೆ ಚಿಲಕ ಬೇಡವೇ ಬೇಡ, ಬದಿಗಳಲ್ಲಿ ಗಾಳಿಗೆ ಮೂರು ನಾಲ್ಕು ತೂತು ಇರಲಿ. ಕಣ್ಣಾಮುಚ್ಚಾಲೆ ಆಡುವ ಮಕ್ಕಳಿಗೆ ಪೆಟ್ಟಿಗೆ ಕಂಡರೆ ಒಳಗೆ ಕೂರುವ ಆಸೆ. ಇನ್ನೊಂದು, ಮುಚ್ಚಳ ದಢಾರನೆ ಬೀಳದಂತೆ ತಡೆಯುವ ಸ್ಟೇ ಹಾಕಿಸಿ, ಮುಂದಿನ ಅಂಚಿನಲ್ಲಿ ಬೆರಳು ಸಿಕ್ಕದಷ್ಟು ಸಂದು ಬಿಡಿಸಿ.

ಸಿಲಿಂಡರಿನ ಜಾಗದಲ್ಲಿ ಹುಡುಗಾಟ ಬೇಡ

ಜಾಗ ಉಳಿಸುವ ಉತ್ಸಾಹದಲ್ಲಿ ಎಲ್ಲರೂ ಕೈ ಹಾಕುವುದು ಸಿಲಿಂಡರ್ ಇಡುವ ಜಾಗಕ್ಕೆ. ಮನೆಬಳಕೆಯ ಸಿಲಿಂಡರಿನಲ್ಲಿ ಇರುವುದು 14.2 ಕೆಜಿ ಗ್ಯಾಸ್, ತುಂಬಿದ ಸಿಲಿಂಡರಿನ ಒಟ್ಟು ತೂಕ ಸುಮಾರು 30 ಕೆಜಿ. ಎತ್ತರ 25 ಇಂಚಿನಷ್ಟು, ಅಗಲ 13 ಇಂಚಿನಷ್ಟು. 'ಅದಕ್ಕೊಂದು ಬಾಗಿಲು ಹಾಕಿ ಮುಚ್ಚಿಬಿಡೋಣ ಮೇಡಂ, ನೀಟಾಗಿ ಕಾಣುತ್ತೆ' ಅನ್ನುತ್ತಾರೆ ಬಡಗಿಗಳು. ನೀಟಾಗಿ ಕಾಣುತ್ತದೆ ನಿಜ. ಆದರೆ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲೇ ಹರಡಿ ಕೂರುತ್ತದೆ. ಮುಚ್ಚಿದ ಕಪಾಟಿನ ತಳದಲ್ಲಿ ಅದು ತುಂಬಿಕೊಂಡರೆ ವಾಸನೆ ನಿಮ್ಮ ಮೂಗಿಗೆ ಬರುವಷ್ಟರಲ್ಲಿ ತಡವಾಗಿರಬಹುದು.

ಬಾಗಿಲು ಬೇಕೇ ಬೇಕೆಂದರೆ ನೆಲಮಟ್ಟದಲ್ಲೂ ಮೇಲ್ಗಡೆಯೂ ದೊಡ್ಡ ಜಾಲರಿ ಕಿಂಡಿ ಇರಲಿ. ನನ್ನ ಕೇಳಿದರೆ ಬಾಗಿಲೇ ಬೇಡ, ಒಂದು ಹತ್ತಿ ಪರದೆಯೂ ಬೇಡ, ತೆರೆದೇ ಇರಲಿ. ಸಿಲಿಂಡರ್ ಯಾವಾಗಲೂ ನೆಟ್ಟಗೇ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ರೆಗ್ಯುಲೇಟರ್‌ಗೆ ಕೈ ತಕ್ಷಣ ಎಟುಕಬೇಕು. ಅದರ ಮುಂದೆ ಟ್ರಾಲಿ ನಿಲ್ಲಿಸಿ ಅಡ್ಡಗಟ್ಟಬೇಡಿ. ಗ್ಯಾಸ್ ಪೈಪು ಡ್ರಾಯರ್ ಚಾನೆಲ್ಲಿಗೆ, ಹಲಗೆಯ ಅಂಚಿಗೆ ಉಜ್ಜುವಂತಿದ್ದರೆ ಡ್ರಾಯರ್ ಜಾಗವನ್ನೇ ಬದಲಿಸಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ತಾರೀಕು ಪೈಪಿನ ಮೇಲೇ ಇರುತ್ತದೆ. ಮರಗೆಲಸ ನಡೆಯುವ ದಿನಗಳಲ್ಲಿ ಸಿಲಿಂಡರನ್ನು ಬಿಚ್ಚಿ, ಮುಚ್ಚಳ ಹಾಕಿ ಬೇರೆ ಕಡೆ ಇಡಿ. ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906 ಅನ್ನು ಗೋಡೆಗೇ ಬರೆದಿಟ್ಟುಕೊಳ್ಳಿ.

ಯಾವ ಹಲಗೆ, ಎಷ್ಟು ಹಲಗೆ?

ಅಡುಗೆಮನೆ ಅಂದರೆ ನೀರು, ಹಬೆ, ಎಣ್ಣೆ. ಪಾರ್ಟಿಕಲ್ ಬೋರ್ಡ್ ನೀರು ಕುಡಿದರೆ ಉಬ್ಬಿ ಉದುರುತ್ತದೆ. ಅಗ್ಗ ಅಂತ ಅದಕ್ಕೆ ಹೋಗಬೇಡಿ. 18 ಮಿಲಿಮೀಟರ್ ದಪ್ಪದ ಬಿಡಬ್ಲ್ಯುಆರ್ ಪ್ಲೈವುಡ್ ತನ್ನಿ, ಸಿಂಕಿನ ಹತ್ತಿರಕ್ಕೆ ಮರೈನ್ ಪ್ಲೈ. ಶೀಟಿನ ಮೇಲೆ ಐಎಸ್‌ಐ ಮುದ್ರೆ ನೋಡಿ. ಮರೈನ್ ಆದರೆ ಐಎಸ್ 710 ಎಂಬ ಸಂಖ್ಯೆ ಇರಬೇಕು. ಅಂಗಡಿಯವನು ಬಾಯಲ್ಲಿ 'ವಾಟರ್‌ಪ್ರೂಫ್' ಅಂದರೆ ಸಾಲದು.

ಮೈಕಾವನ್ನು ಒಂದೇ ಕಡೆ ಅಂಟಿಸಿ ಇನ್ನೊಂದು ಕಡೆ ಹಾಗೇ ಬಿಟ್ಟರೆ ಮಡಚುವ ಮೇಜಿನ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಎರಡೂ ಕಡೆ ಅಂಟಿಸಬೇಕು, ಅಡಿಭಾಗಕ್ಕೆ ತೆಳ್ಳನೆಯ ಅಗ್ಗದ ಮೈಕಾ ಸಾಕು. ನಾಲ್ಕೂ ಅಂಚುಗಳನ್ನೂ ಮುಚ್ಚಿಸಿ, ನೀರು ಒಳಗೆ ಇಳಿಯುವುದು ಅಂಚಿನಿಂದಲೇ. ಜಿರಲೆ ಸಂಸಾರ ಹೂಡುವುದೂ ಅಲ್ಲೇ!

ಇನ್ನು ಲೆಕ್ಕ. ಪ್ಲೈವುಡ್ ಶೀಟ್ ಎಂಟಡಿ ಉದ್ದ, ನಾಲ್ಕಡಿ ಅಗಲ. 'ಇದಕ್ಕೆಲ್ಲ ಎರಡು ಶೀಟ್ ಬೇಕಾಗುತ್ತೆ ಮೇಡಂ' ಅಂದರೆ ತಕ್ಷಣ ತಲೆಯಾಡಿಸಬೇಡಿ. ಶೀಟನ್ನು ಕಾಗದದ ಮೇಲೆ ಬರೆದುಕೊಳ್ಳಿ. ಉದ್ದಕ್ಕೆ 18 ಇಂಚಿನ ಎರಡು ಪಟ್ಟಿ ಮಾಡಿ. ಮೊದಲನೆಯದರಲ್ಲಿ ಮೇಜಿನ 36 ಇಂಚು, ಎಳೆಯುವ ಹಲಗೆಯ 18 ಇಂಚು, ಟ್ರಾಲಿಯ ಒಂದು ಬದಿಯ 28 ಇಂಚು. ಒಟ್ಟು 82. ಎರಡನೆಯದರಲ್ಲಿ ಟ್ರಾಲಿಯ ಇನ್ನೊಂದು ಬದಿ 28, ಎರಡು ತಟ್ಟುಗಳಿಗೆ 15ರಂತೆ 30. ಒಟ್ಟು 58. ಶೀಟಿನ ಉದ್ದ 96 ಇಂಚು ಇರುವುದರಿಂದ ಗರಗಸ ತಿನ್ನುವ ದಪ್ಪ ಕಳೆದರೂ ಮೂರು ಸಾಮಾನು ಒಂದೇ ಶೀಟಿನಲ್ಲಿ ಆಗುತ್ತವೆ. ಉಳಿಯುವ 12 ಇಂಚು ಅಗಲದ ಉದ್ದ ಪಟ್ಟಿಯಲ್ಲಿ ಟ್ರಾಲಿಯ ಅಡ್ಡಪಟ್ಟಿ ಹೋಗಿ, ಮಸಾಲೆ ಡಬ್ಬಿಗಳಿಗೆ ಐದಿಂಚಿನ ಒಂದು ಗೋಡೆ ತಟ್ಟೂ ಸಿಗುತ್ತದೆ. 'ಒಂದರಲ್ಲೇ ಆಗುತ್ತೆ ಅಣ್ಣ, ಚಿತ್ರ ನೋಡಿ' ಅಂದರೆ ಬಡಗಿಯೂ ನಿಮ್ಮನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ಕೂರುವ ಪೆಟ್ಟಿಗೆಗೆ ಊರಿನ ಹಳೇ ಬಾಗಿಲಿನದೋ ಮಂಚದ್ದೋ ಮರ ಸಿಕ್ಕರೆ ಅದನ್ನೇ ಬಳಸಿ.

ಕೂಲಿಯನ್ನು ದಿನಕ್ಕೆ ಇಷ್ಟು ಅಂತ ಮಾತಾಡುವುದಕ್ಕಿಂತ ಮೂರು ಸಾಮಾನಿಗೆ ಒಟ್ಟು ಇಷ್ಟು ಅಂತ ಮೊದಲೇ ಗಟ್ಟಿ ಮಾಡಿ. ಸ್ಕ್ರೂ, ಗೋಂದು, ಚಕ್ರ ಯಾರ ಖರ್ಚು ಅನ್ನೋದೂ ಆಗಲೇ ಇತ್ಯರ್ಥವಾಗಲಿ. ಮಾಡಿಸುವಾಗ ಅಳತೆಗೆ ಅಡುಗೆ ಮಾಡುವವರೇ ನಿಲ್ಲಬೇಕು. ಯಜಮಾನರು ತಮ್ಮ ಎತ್ತರಕ್ಕೆ ಅಳತೆ ಕೊಟ್ಟರೆ ದಿನಾ ಭುಜ ಎತ್ತಿ ಚಪಾತಿ ಲಟ್ಟಿಸಬೇಕಾದವರು ನೀವು.

ಬಾಡಿಗೆ ಮನೆಯಾದರೆ?

ಗೋಡೆಗೆ ತೂತು ಹೊಡೆಯುವ ಮೊದಲು ಓನರ್‌ಗೆ ಹೇಳಿ, ಒಪ್ಪಿಗೆಯನ್ನು ಮೊಬೈಲ್ ಮೆಸೇಜಿನಲ್ಲಾದರೂ ಪಡೆದುಕೊಳ್ಳಿ. ಇಲ್ಲವಾದರೆ ಮನೆ ಬಿಡುವಾಗ ನಾಲ್ಕು ತೂತಿಗೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೋ ಹೇಳೋಕಾಗಲ್ಲ. ಒಪ್ಪದಿದ್ದರೆ ಬೇರೆ ದಾರಿಯಿದೆ. ಮಡಚುವ ಹಲಗೆಯನ್ನು ಗೋಡೆಯ ಬದಲು ಟ್ರಾಲಿಯ ಬದಿಗೇ ಕೂರಿಸಬಹುದು. ಆಗ ಹಲಗೆಯ ಅಗಲ 12 ಇಂಚು ಮೀರದಿರಲಿ, ಕೆಳತಟ್ಟಿನಲ್ಲಿ ಭಾರ ಇರಲಿ, ಇಲ್ಲದಿದ್ದರೆ ಟ್ರಾಲಿ ವಾಲುತ್ತದೆ. ಗ್ರೈಂಡರ್ ಓಡುತ್ತಿರುವಾಗ ಈ ಹಲಗೆಯನ್ನು ಬಿಚ್ಚಬೇಡಿ. ಮನೆ ಬದಲಿಸುವಾಗ ಎಲ್ಲವೂ ನಿಮ್ಮ ಜೊತೆಗೇ ಬರುತ್ತದೆ.

ಎಲ್ಲ ಆದ ಮೇಲೆ ಒಂದು ತಿಂಗಳಿಗೆ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ. ಹೊಸ ಮರ ಕೂರುವಾಗ ಅವು ಸ್ವಲ್ಪ ಸಡಿಲವಾಗುತ್ತವೆ. ಮಳೆಗಾಲದಲ್ಲಿ ಮರದ ಪಟ್ಟಿಯ ಮೇಲೆ ಜಾರುವ ಹಲಗೆ ಬಿಗಿದುಕೊಂಡರೆ ಎಣ್ಣೆ ಸುರಿಯಬೇಡಿ, ಅಂಟಂಟಾಗಿ ಜಿರಲೆ ಬರುತ್ತದೆ. ಪಟ್ಟಿಗೆ ಮೇಣದಬತ್ತಿ ತಿಕ್ಕಿ, ಸಲೀಸಾಗಿ ಸರಿಯುತ್ತದೆ.